ಅಡ್ಡ ತಿರುಗಿಸಿ ನೋಡಿ

“ಸಾರ್, ನಿಮ್ ನೀರಿನ್ ಲಿಸ್ಟು ನನ್ ಫೋನ್ನಾಗೆ ಕಲಸುಮೇಲೋಗರ ಆಗ್ಬುಟ್ಟದೆ. ನಮ್ ಬೀದಿಗೆ ಮಂಗಳವಾರಾನೋ, ಶುಕ್ರವಾರಾನೋ?”

ಮೂರನೇ ಅಡ್ಡರಸ್ತೆಯ ಗೋಪಾಲ್ ಹೀಗೆ ಕೇಳಿ ಒಂದು ವರ್ಷವಾಗಿರಬೇಕು. ನಾನು ಕೊಟ್ಟ ಉತ್ತರ: “ಫೋನ್ ಅಡ್ಡ ತಿರುಗಿಸಿ ನೋಡಿ.” ಜೊತೆಗೊಂದು ನಗುವ ಇಮೋಜಿ.

ಆ ಇಮೋಜಿ ಈಗ ನನ್ನನ್ನು ನೋಡಿ ನಗುತ್ತಿದೆ.

ಗಡಿಯಂಚಿನ ಮತ್ತಿಗಿರಿಯ ನಮ್ಮ ಬಡಾವಣೆಯ ಗ್ರೂಪಿಗೆ ನಾನೇ ಅಡ್ಮಿನ್. (ಬೇರೆ ಯಾರೂ ಒಪ್ಪಲಿಲ್ಲ.) ಗ್ರೂಪಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ವಾಯ್ಸ್ ಮೆಸೇಜ್? ಒಂದು ನಿಮಿಷದ ಕೆಮ್ಮು, ಕುಕ್ಕರ್ ಸೀಟಿ, ನಡುವೆ ಎಲ್ಲೋ ಅರ್ಧ ವಿಷಯ. ನಾನು ಅವನ್ನು ಕೇಳುವುದೇ ಇಲ್ಲ. ಕರೆಂಟ್ ಹೋಗುವ ಹೊತ್ತು, ನೀರು ಬಿಡುವ ದಿನ, ಬಸ್ಸಿನ ಟೈಮಿಂಗ್, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಕೂತು, ಸ್ಪೇಸ್ ಬಾರ್ ಒತ್ತಿ ಒತ್ತಿ, ಸಾಲಿಗೆ ಸಾಲು ಹೊಂದಿಸಿ ಟೇಬಲ್ ಮಾಡಿ ಹಾಕುತ್ತಿದ್ದೆ.

“ನಿಮ್ಮ ಟೇಬಲ್ ಇರೋದು ಓದೋದಕ್ಕೋ, ನೋಡೋದಕ್ಕೋ?” ಎಂದು ಹೆಂಡತಿ ಸರಳಾ ಕೇಳಿದ್ದಳು. ಅಸೂಯೆ ಅಂದುಕೊಂಡೆ.

ಮೂರು ವಾರದ ಹಿಂದೆ, ಬೆಳಗಿನ ಶಿಫ್ಟಿಗೆ ಹುಡುಗಿಯರನ್ನು ಕರೆದೊಯ್ಯುತ್ತಿದ್ದ ಫ್ಯಾಕ್ಟರಿ ವ್ಯಾನು ಬಾಗಲೂರು ರಸ್ತೆಯಲ್ಲಿ ಮಗುಚಿತು. ಒಂಬತ್ತು ಮಂದಿಯನ್ನು ಆಸ್ಪತ್ರೆಗೆ ತಂದರು. ಅಲ್ಲಿ ನರ್ಸ್ ಆಗಿರುವ ನಮ್ಮ ಬೀದಿಯ ಸೆಲ್ವಿ ನನಗೆ ಫೋನ್ ಮಾಡಿದಳು.

“ಸಾರ್, ಒಂದೊಂದೇ ಹೆಸ್ರು ಹೇಳ್ತೀನಿ, ಗ್ರೂಪ್‌ಲೆ ಹಾಕಿ. ಮನೆಯೋರು ಬೇಗ ಬರ್ಲಿ. ಸೀಕ್ರಂ ಸಾರ್, ಸೀಕ್ರಂ!”

ಬೇಗ ಅಂದಳು. ಬರೆದುಕೊಂಡೆ. ಆಮೇಲೆ ಏನು ಮಾಡಿದೆ ಗೊತ್ತೇ? ಲ್ಯಾಪ್‌ಟಾಪ್ ತೆರೆದೆ. ಹೆಸರು, ಊರು, ಸ್ಥಿತಿ. ಮೂರು ಕಾಲಂ. ಇಪ್ಪತ್ತು ನಿಮಿಷ ಹೊಂದಿಸಿದೆ. ಪವಿತ್ರಾ, ಮತ್ತಿಗಿರಿ, ಸಣ್ಣ ಗಾಯ. ಅದರ ಕೆಳಗೆ ಮಂಜುಳಾ, ಬಾಗಲೂರು, ಐಸಿಯು. ನನ್ನ ಸ್ಕ್ರೀನಿನಲ್ಲಿ ದಾರ ಹಿಡಿದು ಕಟ್ಟಿದ ಗೋಡೆಯ ಹಾಗಿತ್ತು. ಹಾಕಿದೆ. ಹದಿನೇಳು ಜನ ಕೈ ಮುಗಿದರು. ನಾನು ಕಾಫಿ ಕುಡಿದೆ.

ನಮ್ಮ ಬೀದಿಗೆ ಸೊಪ್ಪು ತರುವ ಮುನಿಯಪ್ಪನ ಊರು ಬಾಗಲೂರಿನ ಹತ್ತಿರ. ಯಾರಿಗೆ ಏನು ಬೇಕೆಂದು ತಿಳಿಯಲೆಂದು ಅವನನ್ನೂ ಗ್ರೂಪಿಗೆ ಸೇರಿಸಿದ್ದೆವು. ಎಂಟು ವರ್ಷದಿಂದ ಅವನ ಕೊತ್ತಂಬರಿ ತಿನ್ನುತ್ತಿದ್ದೇನೆ. ಅವನ ಮಗಳು ಫ್ಯಾಕ್ಟರಿಗೆ ಹೋಗುತ್ತಾಳೆಂದು ಗೊತ್ತಿತ್ತು. ಹೆಸರು ಮಂಜುಳಾ ಎಂದು ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಮುನಿಯಪ್ಪನಿಗೆ ಕಣ್ಣು ಮಂಜು. ಅದಕ್ಕೇ ಮಗಳು ಅವನ ಫೋನಿನ ಅಕ್ಷರಗಳನ್ನು ದಪ್ಪ ಮಾಡಿಕೊಟ್ಟಿದ್ದಳು. ಆ ದಪ್ಪ ಅಕ್ಷರದಲ್ಲಿ ನನ್ನ ಮೂರು ಕಾಲಂ ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ಮೂರನೆಯದು ಕಳಚಿ ಕೆಳಗಿನ ಸಾಲಿಗೆ ಬಿತ್ತು. ಮಂಜುಳಾ ಎಂಬ ಹೆಸರಿನ ಮೇಲೆ ‘ಸಣ್ಣ ಗಾಯ’, ಕೆಳಗೆ ‘ಐಸಿಯು’.

ಮೇಲೊಂದು, ಕೆಳಗೊಂದು. ಅಪ್ಪ ಆದವನು ಯಾವುದನ್ನು ತನ್ನ ಮಗಳದು ಅಂದುಕೊಳ್ಳುತ್ತಾನೆ?

ಫ್ಯಾಕ್ಟರಿಯವರ ಬಳಿ ಇದ್ದದ್ದು ಅವನ ಹಳೆಯ ನಂಬರ್. ಬೇರೆ ಯಾರೂ ಅವನಿಗೆ ಹೇಳಲಿಲ್ಲ. ಎರಡು ಬೀದಿಯ ಸೊಪ್ಪು ಬಾಕಿಯಿತ್ತು, ಕೊಟ್ಟು ಮುಗಿಸಿದ. ಮನೆಗೆ ಹೋಗಿ ಹೆಂಡತಿಯ ಕೈಲಿ ರಾಗಿ ಗಂಜಿ ಮಾಡಿಸಿದ. ಮಗಳಿಗೆ ಬದಲಿಸಲು ಒಂದು ಜೊತೆ ಬಟ್ಟೆ ಇಟ್ಟುಕೊಂಡ. ಟೌನ್ ಬಸ್ಸಿಗೆ ಕಾದ.

ಅವನು ಫ್ಲಾಸ್ಕ್ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅರ್ಧ ಗಂಟೆ ತಡವಾಗಿತ್ತು. “ಅಪ್ಪ ಬಂದ್ರಾ ಅಂತ ಎರಡು ಸಲ ಕೇಳಿದ್ಲು ಸಾರ್,” ಎಂದಳು ಸೆಲ್ವಿ. ಆಮೇಲೆ ಮಂಜುಳಾ ಏನೂ ಕೇಳಲಿಲ್ಲ.

ಸಾವಿನ ಸುದ್ದಿ ತಿಳಿದ ಮೇಲೆ ನಾನು ಗ್ರೂಪ್ ತೆರೆದೆ. ನನ್ನ ಟೇಬಲ್ಲಿನ ಕೆಳಗೇ ಮುನಿಯಪ್ಪನ ಒಂದು ವಾಯ್ಸ್ ಮೆಸೇಜ್ ಇತ್ತು. ಒಂಬತ್ತು ಸೆಕೆಂಡ್. ನಾನು ಕೇಳದೆ ಬಿಟ್ಟದ್ದು.

“ಸಾಮಿ, ಆ ಮಂಜುಳ ನಮ್ ಮಗೀನೇ. ಸಣ್ ಗಾಯ ಅಂತ ಹಾಕಿದ್ದೀರಲ್ಲ, ಪುಣ್ಯ ಬಂತು. ಸೊಪ್ಪು ಕೊಟ್ಬುಟ್ಟು ಓಯ್ತೀನಿ.”

ನಾನು ಎಂಥವನು ಗೊತ್ತೇ? ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಓಡಿ ಬರುವವನು. ಬೀಗವನ್ನು ನಾಲ್ಕು ಸಲ ಎಳೆದು ನೋಡುವವನು. ಇಷ್ಟೆಲ್ಲ ಹೆದರುವವನಿಗೆ ಒಂಬತ್ತು ಸೆಕೆಂಡ್ ಕೇಳಬೇಕೆಂದು ಹೊಳೆಯಲಿಲ್ಲ.

‘ಮಂಜುಳಾ, ಬಾಗಲೂರು, ಐಸಿಯುನಲ್ಲಿದ್ದಾಳೆ, ಬೇಗ ಬನ್ನಿ.’ ಹೀಗೆ ಒಂದು ವಾಕ್ಯ ಬರೆದಿದ್ದರೆ ಎಷ್ಟು ದಪ್ಪ ಅಕ್ಷರದಲ್ಲೂ ಅದು ಮುರಿದು ಬೇರೆಯವರ ಪಾಲಾಗುತ್ತಿರಲಿಲ್ಲ. ಆದರೆ ವಾಕ್ಯ ನೀಟಾಗಿ ಕಾಣುವುದಿಲ್ಲವಲ್ಲ!

ಮೊನ್ನೆ ಮುನಿಯಪ್ಪ ಮತ್ತೆ ಸೊಪ್ಪು ತಂದ. ಸರಳಾ ಒಳಗೆ ಹೋಗಿ ಅತ್ತಳು. ನಾನು ಗೇಟಿನಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಸಾಲು ಹೇಗೆ ಮುರಿಯಿತು, ಅದು ಹಾಗೆ ಮುರಿಯುತ್ತದೆಂದು ಒಂದು ವರ್ಷದ ಹಿಂದೆಯೇ ನನಗೆ ಹೇಗೆ ತಿಳಿದಿತ್ತು, ಎಲ್ಲ.

“ತಪ್ಪು ನಂದು ಮುನಿಯಪ್ಪ.”

“ಏ ಬುಡಿ ಸಾಮಿ. ನೀವು ಓದ್ದೋರು, ನೀಟಾಗೇ ಹಾಕಿದ್ರಿ. ನಂಗೇ ಓದಾಕ್ ಬರ್ನಿಲ್ಲ.”

ಕೊತ್ತಂಬರಿ ಕಟ್ಟು ನನ್ನ ಕೈಗಿಟ್ಟ. ಜೇಬಿನಿಂದ ಫೋನ್ ತೆಗೆದು ಅದನ್ನೂ ಇಟ್ಟ.

“ಅಕ್ಸರ ದಪ್ಪ ಇದ್ದದ್ಕೇ ಇಂಗಾತು ಅಂತಾನೆ ನನ್ ತಮ್ಮ. ನಮ್ ಮಂಜಿ ಮಾಡ್ಕೊಟ್ಟಿದ್ಲು. ಎಲ್ರದೂ ಇದ್ದಂಗೆ ಸಣ್ದು ಮಾಡ್ಕೊಡಿ ಸಾಮಿ.”

ಸೆಟ್ಟಿಂಗ್ಸ್‌ನಲ್ಲಿ ಒಂದು ಗೆರೆ, ಗೆರೆಯ ಬಲತುದಿಯಲ್ಲಿ ಒಂದು ಚುಕ್ಕೆ. ಮಂಜುಳಾ ಎಳೆದು ನಿಲ್ಲಿಸಿದ ಚುಕ್ಕೆ. ಅದನ್ನು ನಾನು ಯಾವ ಬೆರಳಿನಿಂದ ಹಿಂದಕ್ಕೆ ಎಳೆಯಲಿ?