ಮಾವ ಎರಡನೇ ಸಲ ಹಾಕಿಸಿಕೊಂಡ ಚಟ್ನಿಪುಡಿ

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ನನ್ನನ್ನು ಕಂಡರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ. "ನೀವು ಬಂದ್ರೆ ನಮ್ಗೆ ಆಡಿಟ್ ಬಂದಂಗೆ ಮೇಡಂ" ಎಂದು ಒಮ್ಮೆ ಹೇಳಿಯೂ ಬಿಟ್ಟ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ನನ್ನದು ತಪಾಸಣೆಯ ಕೆಲಸ. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಅಳೆದು ನೋಡುವುದು, ಸರಿಯಿದ್ದರೆ ಒಳಗೆ ಬಿಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು. ದಿನವಿಡೀ ಇದನ್ನೇ ಮಾಡಿದವಳಿಗೆ ಸಂಜೆ ಟ್ರಾಲಿ ತಳ್ಳುವಾಗ ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ.

ಕೊಂಡದ್ದರ ಬಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಿದ್ದೆ. ಯಾರೂ ಬರೆಯಿರಿ ಎಂದು ಕೇಳಿರಲಿಲ್ಲ. ಇಡ್ಲಿ ಹಿಟ್ಟಿನ ಪೊಟ್ಟಣಗಳ ಸಾಲಿನಲ್ಲಿ ಎಲ್ಲರೂ ಹಿಂದೆ ಕೈ ತೂರಿಸಿ ಇವತ್ತಿನ ತಾರೀಖಿನದನ್ನು ಎಳೆಯುತ್ತಾರೆ. ತಪ್ಪು. ಇವತ್ತಿನದು ಇನ್ನೂ ಹುಳಿ ಬಂದಿರುವುದಿಲ್ಲ, ಇಡ್ಲಿ ಬಿಲ್ಲೆಯಾಗುತ್ತದೆ. ಮುಂದೆಯೇ ಇರುವ ನಿನ್ನೆಯದನ್ನು ತೆಗೆದುಕೊಳ್ಳಬೇಕು. ರಾಗಿ ಬಿಸ್ಕತ್ತಿನ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಮೈದಾ ಮೊದಲು, ಸಕ್ಕರೆ ಆಮೇಲೆ, ರಾಗಿ ಎಲ್ಲೋ ಬಾಗಿಲ ಹತ್ತಿರ ನಿಂತಿರುತ್ತದೆ. ಸಿದ್ಧ ಚಪಾತಿ ಕಾವಲಿಯ ಮೇಲೆ ಚೆನ್ನಾಗಿಯೇ ಉಬ್ಬುತ್ತದೆ, ತಟ್ಟೆಗೆ ಬಂದ ಕೂಡಲೇ ಚರ್ಮವಾಗುತ್ತದೆ. ಬಂಗಾರದ ಬಣ್ಣದ ಬೆಲ್ಲ ನೋಡಲಿಕ್ಕೆ ಇಟ್ಟುಕೊಳ್ಳಬೇಕಷ್ಟೆ, ಪಾಯಸಕ್ಕೆ ಕಪ್ಪು ಬೆಲ್ಲವೇ ಆಗಬೇಕು. ಶುಂಠಿ ಬೆಳ್ಳುಳ್ಳಿ ಪೇಸ್ಟಿನಲ್ಲಿ ಹುಳಿಯೊಂದು ಬಿಟ್ಟರೆ ಬೇರೇನೂ ನನಗೆ ಸಿಕ್ಕಿಲ್ಲ. ಮೂರು ದಿನವಾದರೂ ಹುಳಿಯಾಗದ ಮೊಸರನ್ನು ನಾನು ನಂಬುವುದಿಲ್ಲ. ಹೊಗಳಬೇಕಾದ್ದನ್ನು ಹೊಗಳಿದ್ದೂ ಉಂಟು: ಮಂಜುಗಡ್ಡೆಯಂತೆ ಕೂತಿರುವ ಹಸಿ ಬಟಾಣಿಯ ಪೊಟ್ಟಣ ಮಾರುಕಟ್ಟೆಯ ಬಟಾಣಿಗಿಂತ ಎಷ್ಟೋ ವಾಸಿ, ಹುಳುವೂ ಇಲ್ಲ, ಸಿಪ್ಪೆ ಬಿಡಿಸುವ ರಗಳೆಯೂ ಇಲ್ಲ.

ಈ ಬುದ್ಧಿ ಕಾರ್ಖಾನೆಯಲ್ಲಿ ಕಲಿತದ್ದು ಅರ್ಧ, ಉಳಿದರ್ಧ ತವರಿನದು. ನನ್ನ ತವರು ಪಟ್ಟಂದೂರು ಅಗ್ರಹಾರ. ಐಟಿ ಪಾರ್ಕಿನ ಕಟ್ಟಡಗಳು ಏಳುವ ಮೊದಲಿಂದಲೂ ನಾವು ಅಲ್ಲೇ ಇದ್ದವರು. ನಮ್ಮ ಮನೆಯಲ್ಲಿ ಊಟವೆಂದರೆ ಪಂಚಾಯಿತಿ. ಅಪ್ಪ ಮೊದಲ ತುತ್ತಿಗೇ "ಉಪ್ಪು ಯಾರ್ ಆಕಿದ್ದು" ಎನ್ನುತ್ತಿದ್ದ. ಅಮ್ಮ "ನಿಮ್ಮ ನಾಲ್ಗೆಗೆ ಬರೆ ಆಕ" ಎನ್ನುತ್ತಿದ್ದಳು. ಹೀಗೆ ಬೈದುಕೊಂಡೇ ಎಲ್ಲರ ಹೊಟ್ಟೆಗೂ ಎರಡೆರಡು ಮುದ್ದೆ ಇಳಿಯುತ್ತಿತ್ತು.

ಗಂಡ ಗದಗದ ಕಡೆಯವರು. ಒಂದೇ ಕಾರ್ಖಾನೆಯಲ್ಲಿದ್ದೆವು, ಮದುವೆಯಾದೆವು. ಅವರದು ಲಿಂಗ ಕಟ್ಟಿಕೊಳ್ಳುವ ಮನೆತನ. ಮಾವ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು, ನಿವೃತ್ತರಾದ ಮೇಲೆ ಅತ್ತೆಯ ಜೊತೆ ನಮ್ಮಲ್ಲಿಗೆ ಬಂದರು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಅಡುಗೆಯನ್ನು ಅವರು ತಲೆ ತಗ್ಗಿಸಿ ಉಂಡರು, ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದರು, ಎದ್ದು ಹೋದರು. ಒಂದು ಮಾತಿಲ್ಲ. ಬೇರೆ ಕಡೆಯಿಂದ ಬಂದ ಸೊಸೆಯ ಕೈಯ ಊಟ ಅವರಿಗೆ ಸೇರಲಿಲ್ಲವೆಂದುಕೊಂಡು ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆಯೇ ಬಿಡಿಸಿ ಹೇಳಿದರು.

"ಅವರು ಹಂಗ ಅವ್ವ. ಲಿಂಗಕ್ಕ ತೋರಿಸಿದ ಮ್ಯಾಲೆ ಅದು ಪ್ರಸಾದ. ಪ್ರಸಾದಕ್ಕ ಹೆಸರಿಡಬಾರದು. ಚಲೋ ಅನ್ನೂದಿಲ್ಲ, ಕೆಟ್ಟೈತಿ ಅನ್ನೂದಿಲ್ಲ. ನನಗರ ನಲವತ್ತು ವರ್ಷದಾಗ ಏನ್ ಅಂದಾರ?"

ತಟ್ಟೆಗೆ ಬೀಳುವ ಮೊದಲು ಬೇಕಿದ್ದರೆ ಕೈ ಅಡ್ಡ ಹಿಡಿಯಬಹುದು. ಬಿದ್ದ ಮೇಲೆ ಒಂದು ಅಗುಳೂ ಬಿಡುವಂತಿಲ್ಲ. ಇನ್ನೊಂದು ಕಟ್ಟುಪಾಡು ಅಡುಗೆ ಮಾಡುವವಳಿಗೆ. ಲಿಂಗಕ್ಕೆ ತೋರಿಸುವವರೆಗೆ ಅದು ಮೀಸಲು, ರುಚಿ ನೋಡಿ ಎಂಜಲು ಮಾಡುವಂತಿಲ್ಲ. ಅಂದರೆ ಮಾಡಿದವಳು ನೋಡುವಂತಿಲ್ಲ, ಉಂಡವರು ಹೇಳುವಂತಿಲ್ಲ. ನಮ್ಮ ಕಾರ್ಖಾನೆಯಲ್ಲಿ ಹೀಗೆ ನಡೆಸಿದ್ದರೆ ಒಂದೇ ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತಿತ್ತು. ಮನೆ ಮಾತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಮಾವನ ಊಟವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಬಡಿಸಿ, ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತು, ಕೆಟ್ಟ ಲಿಫ್ಟಿನಿಂದ ಹಿಡಿದು ಸೊಸೆಯ ತನಕ ಎಲ್ಲದರ ವರದಿ ಒಪ್ಪಿಸುತ್ತಿದ್ದರು.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಮಾವ ಅಳಲಿಲ್ಲ, ಯಾರ ಮೇಲೂ ರೇಗಲಿಲ್ಲ, ಪೂಜೆ ತಪ್ಪಿಸಲಿಲ್ಲ. ಮೂರು ರೊಟ್ಟಿ ಎರಡಾಯಿತು, ಎರಡು ಒಂದಾಯಿತು, ಆಮೇಲೆ ಒಂದರಲ್ಲೂ ಅರ್ಧಕ್ಕೆ ಕೈ ಅಡ್ಡ ಬರತೊಡಗಿತು. ಗಿರಣಿಯ ಕಾಲದ ಅಭ್ಯಾಸದಂತೆ ಅವರ ಮುಖ್ಯ ಊಟ ಬೆಳಿಗ್ಗೆ ಎಂಟಕ್ಕೆ. ಗಂಡ ಆ ಹೊತ್ತಿಗೆ ಮೊದಲ ಪಾಳಿಗೆ ಹೋಗಿರುತ್ತಿದ್ದರು. ನಾನು ಬಡಿಸಿಟ್ಟು ಬಟ್ಟೆ ಒಣಗಿಸಲು ಓಡುತ್ತಿದ್ದೆ. "ಇನ್ನೊಂದು ಹಾಕ್ಲಾ ಮಾವ?" ಎಂದು ಬಾಲ್ಕನಿಯಿಂದಲೇ ಕೂಗುತ್ತಿದ್ದೆ. "ಸಾಕವ್ವ" ಎಂಬ ಉತ್ತರ ಬರುತ್ತಿತ್ತು. ಅಂಗಿಯ ಕಾಲರಿನೊಳಗೆ ಅವರ ಕುತ್ತಿಗೆ ಎರಡು ಬೆರಳಷ್ಟು ಸಡಿಲವಾದದ್ದನ್ನು ಒಂದು ದಿನ ಕಂಡು ಗಾಬರಿಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. "ತಿನ್ತಾ ಇಲ್ಲ ಅಷ್ಟೆ ಮೇಡಂ" ಎಂದರು ಡಾಕ್ಟರು. "ಅವರಿಗೆ ಇಷ್ಟ ಆಗೋದೇನೋ ನೋಡಿ ಕೊಡಿ. ಇನ್ನೂ ತೂಕ ಇಳಿದ್ರೆ ಸಣ್ಣ ಜ್ವರಾನೂ ತಡ್ಕೊಳ್ಳಲ್ಲ."

ಇಷ್ಟವಾಗುವುದು ಏನು? ಗಂಡನನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಅಪ್ಪ ಎಲ್ಲಾ ತಿಂತಾರಲ್ಲ" ಎಂದರು. ಮಾವನನ್ನೇ ಕೇಳಿದೆ. "ನೀ ಏನ್ ಹಾಕಿದ್ರೂ ಆತವ್ವ" ಎಂದರು. ಒಬ್ಬ ಮನುಷ್ಯ ನಮ್ಮ ಕಣ್ಣೆದುರೇ ಕರಗುತ್ತಿದ್ದರೂ ಅವರಿಗೆ ಏನು ಹಿಡಿಸುತ್ತದೆ ಎಂದು ಹೇಳಬಲ್ಲವರು ಈ ಲೋಕದಲ್ಲಿ ಒಬ್ಬರೂ ಉಳಿದಿರಲಿಲ್ಲ. ಇಡೀ ಅಪಾರ್ಟ್‌ಮೆಂಟಿಗೆ ಯಾವ ಮೊಸರು ಕೊಳ್ಳಬೇಕೆಂದು ಹೇಳುತ್ತಿದ್ದವಳು ನಾನು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಸೂಪರ್ ಮಾರ್ಕೆಟ್ಟಿನ ಒಂದೊಂದೇ ಕಪಾಟು ಖಾಲಿ ಮಾಡತೊಡಗಿದೆ. ನಾಲ್ಕು ಬಗೆಯ ಖಡಕ್ ರೊಟ್ಟಿ ತಂದೆ. ಎರಡು ಪೊಟ್ಟಣದೊಳಗೇ ಪುಡಿಯಾಗಿದ್ದವು, ಒಂದರ ಅಂಚು ಹಪ್ಪಳಕ್ಕಿಂತ ಗಟ್ಟಿ, ನಾಲ್ಕನೆಯದು ಪರವಾಗಿಲ್ಲ. ಗೋಧಿ ಹುಗ್ಗಿಯ ಸಿದ್ಧ ಮಿಶ್ರಣ ತಂದೆ, ಏಲಕ್ಕಿಯ ಸೆಂಟು ಹೊಡೆದ ಗಂಜಿಯಾಯಿತು. ಬದನೆಕಾಯಿ ಎಣ್ಣೆಗಾಯಿಯ ಮಸಾಲೆ ಎಂದು ಬರೆದ ಪೊಟ್ಟಣದಲ್ಲಿ ಇದ್ದದ್ದು ಸಾಂಬಾರಿನ ಪುಡಿಯೇ, ಅಂಗಿ ಬದಲಾಯಿಸಿಕೊಂಡು ಬಂದಿತ್ತು. ಎಲ್ಲವನ್ನೂ ಮಾವ ಅಷ್ಟಷ್ಟೇ ಉಂಡರು. ಯಾವುದಕ್ಕೂ ಹುಬ್ಬು ಕೂಡ ಏರಿಸಲಿಲ್ಲ.

ಅತ್ತೆ ಮಾಡುತ್ತಿದ್ದ ಶೇಂಗಾ ಚಟ್ನಿಪುಡಿಯ, ಅವರ ಕಡೆಯ ಮಾತಿನಲ್ಲಿ ಹಿಂಡಿಯ, ನೆನಪು ಆಗ ಬಂತು. ಇದ್ದರೆ ಅದೇ ಇರಬೇಕು ಎನ್ನಿಸಿತು. ನನಗೆ ಶೇಂಗಾ ತಿಂದರೆ ಎದೆ ಉರಿ, ಮಾಡಲು ಕಲಿತಿರಲಿಲ್ಲ. ಕಪಾಟಿನಲ್ಲಿ ಒಂದು ಕಂಡಿತು. ಮನೆಯಲ್ಲೇ ಮಾಡಿದಂತೆ ಕಾಣುವ ಸಾದಾ ಪೊಟ್ಟಣ, ಒಳಗೆ ಬೆಳ್ಳುಳ್ಳಿಯ ಚೂರುಗಳು. ಮರುದಿನ ಬೆಳಿಗ್ಗೆ ರೊಟ್ಟಿಯ ಪಕ್ಕ ಒಂದು ಚಮಚ ಹಾಕಿ, ನಡುವೆ ಗುಂಡಿ ಮಾಡಿ ಎಣ್ಣೆ ಬಿಟ್ಟೆ. ಈ ಸಲ ಬಾಲ್ಕನಿಗೆ ಹೋಗಲಿಲ್ಲ. ಮಾವನ ಬಾಯಿ ಏನೂ ಹೇಳದಿದ್ದರೆ ಕೈಯಾದರೂ ಹೇಳೀತು ಎಂದು, ಚಹಾದ ಲೋಟ ಹಿಡಿದು ಎದುರಿಗೆ ಕೂತೆ. ಸುಮ್ಮನೆ ದಿಟ್ಟಿಸಿದರೆ ಚೆನ್ನಾಗಿರುವುದಿಲ್ಲವೆಂದು ಏನೇನೋ ಮಾತಾಡಿದೆ: ಹಿಂದಿನ ದಿನ ನಾನು ಒಂದು ಲಾರಿ ಮಾಲನ್ನು ತಿರಸ್ಕರಿಸಿದ್ದು, ಆ ಲಾರಿಯ ಡ್ರೈವರ್ ನನಗೇ ಚಹಾ ಕೊಡಿಸಲು ಬಂದದ್ದು. ಮಾವ ಹೂಂ ಎನ್ನುತ್ತ ಉಂಡರು. ಇಡೀ ರೊಟ್ಟಿ ಮುಗಿಯಿತು. ಆಮೇಲೆ ಅವರು ತಲೆಯೆತ್ತಿ, "ಇನ್ನೊಂದೀಟು ಹಿಂಡಿ ಹಾಕವ್ವ, ಅರ್ಧ ರೊಟ್ಟಿನೂ ಕೊಡು" ಎಂದರು.

ಮದುವೆಯಾಗಿ ಹದಿನಾರು ವರ್ಷದಲ್ಲಿ ಮಾವ ನನ್ನಲ್ಲಿ ಏನನ್ನಾದರೂ ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ಗಂಡನಿಗೆ ಫೋನ್ ಮಾಡಿ ಹೇಳಿದೆ. ಸಂಜೆ ಅದೇ ಚಟ್ನಿಪುಡಿಯ ಐದು ಪೊಟ್ಟಣ ತಂದೆ. "ಇದು ಖಂಡಿತ ಕೊಳ್ಳಬಹುದು, ನಮ್ಮ ಮಾವ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ" ಎಂದು ಗುಂಪಿನಲ್ಲಿ ಬರೆದೆ. ನನ್ನ ಯಾವ ಮಾತಿಗೂ ಅಷ್ಟು ಹೆಬ್ಬೆರಳುಗಳು ಬಂದಿರಲಿಲ್ಲ. ಎರಡು ವಾರ ದಿನವೂ ಹೀಗೆಯೇ ನಡೆಯಿತು. ನಾನು ಕೈ ನೋಡುತ್ತ ಕೂರುತ್ತಿದ್ದೆ, ಮಾತಾಡುತ್ತಿದ್ದೆ, ಅವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯ ತೂಕದ ಯಂತ್ರದಲ್ಲಿ ಒಂದು ಕಿಲೋ ಹೆಚ್ಚಾಯಿತು. ನನ್ನ ಜಂಬಕ್ಕೆ ಎಣೆಯಿರಲಿಲ್ಲ.

ಆ ಭಾನುವಾರ ಪಟ್ಟಂದೂರಿನಿಂದ ನನ್ನ ಅಕ್ಕ ಬಂದಳು. ಮಾವನ ಊಟ ಮುಗಿದಿತ್ತು, ಅವರು ಪಾರ್ಕಿಗೆ ಹೋಗಿದ್ದರು. ಅಕ್ಕ ಮೇಜಿನ ಮೇಲಿದ್ದ ಚಟ್ನಿಪುಡಿಯನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡವಳು ಸಿಂಕಿನ ಹತ್ತಿರ ಹೋಗಿ ಉಗಿದಳು.

"ಇದೇನೇ ಇದು, ಕಮಟು ನಾರ್ತೈತೆ. ಆ ದೊಡ್ಡೋರಿಗೆ ಇಂತಾದ್ನ ಆಕ್ತಾ ಇದೀಯಾ?"

ಎದೆ ಉರಿಗೆ ಹೆದರಿ ಅಲ್ಲಿಯವರೆಗೆ ಬಾಯಿಗಿಡದಿದ್ದ ನಾನೂ ನಾಲಗೆಗೆ ಇಟ್ಟು ನೋಡಿದೆ. ಮೊದಲು ಬೆಳ್ಳುಳ್ಳಿ, ಖಾರ. ಆಮೇಲೆ ಹಿಂದಿನಿಂದ ಹಳೆಯ ಎಣ್ಣೆಯ ಕಮಟು ಬಂದು ಗಂಟಲಲ್ಲೇ ಕೂತಿತು. ಒಡೆಯದೆ ಇಟ್ಟಿದ್ದ ಪೊಟ್ಟಣವನ್ನೂ ಒಡೆದು ನೋಡಿದೆ, ಅದೂ ಹಾಗೆಯೇ. ಮೇಲಿನ ತಾರೀಖು ಇನ್ನೂ ಮುಗಿದಿರಲಿಲ್ಲ. ಮಾವ ಇದನ್ನು ಎರಡು ವಾರ, ಕೇಳಿ ಹಾಕಿಸಿಕೊಂಡು ತಿಂದಿದ್ದರು.

ನಾನು ಬರೆದದ್ದು ತಪ್ಪು, ದಯವಿಟ್ಟು ಯಾರೂ ತಿನ್ನಬೇಡಿ ಎಂದು ಗುಂಪಿನಲ್ಲಿ ಹಾಕಿದೆ. ಎರಡನೇ ಮಹಡಿಯ ಮಹಿಳೆ ಕೂಡಲೇ ಉತ್ತರಿಸಿದರು: "ನಾವು ಅವತ್ತೇ ಬಿಸಾಡಿದ್ವಿ ಮೇಡಂ. ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ." ಅವರ ಹಿಂದೆ ಇನ್ನೂ ನಾಲ್ವರು ತಾವೂ ಬಿಸಾಡಿದ್ದಾಗಿ ತಿಳಿಸಿದರು.

ಸೋಮವಾರ ಬೆಳಿಗ್ಗೆ ಮಾವ ಪೂಜೆ ಮುಗಿಸಿ ಬಂದು ಕೂತರು. ನಾನು ರೊಟ್ಟಿಯ ಡಬ್ಬಿ ಹಿಡಿದು ನಿಂತೇ ಇದ್ದೆ. ತಟ್ಟೆಗೆ ಇನ್ನೂ ಏನೂ ಬಿದ್ದಿರಲಿಲ್ಲ, ಹಾಗಾಗಿ ಮಾತಾಡಬಹುದು ಎಂದುಕೊಂಡೆ.

"ಮಾವ, ಆ ಚಟ್ನಿಪುಡಿ ಕೆಟ್ಟಿತ್ತು. ಎರಡು ವಾರದಿಂದ ಕೆಟ್ಟಿದ್ದನ್ನೇ ಬಡಿಸಿದೀನಿ. ನಿಮ್ಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತವ್ವ. ಮೊದಲ್ನೇ ದಿನಾನ ಗೊತ್ತಾಗಿತ್ತು."

"ತಿಂದಿದ್ದು ಸರಿ, ಬಿಡೋ ಹಾಗಿಲ್ಲ. ಎರಡ್ನೇ ಸಲ ಯಾಕೆ ಕೇಳಿ ಹಾಕಿಸ್ಕೊಂಡ್ರಿ?"

ಮಾವ ಖಾಲಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಸಂಕೋಚವಾಗಿತ್ತು.

"ಹಾಕಿಸ್ಕೊಂಡ್ರ ನೀ ಇನ್ನೊಂದೀಟು ಹೊತ್ತು ಕುಂದರ್ತಿದ್ದಿ" ಎಂದರು.

ಬಿಡಿಭಾಗದ ದಪ್ಪ ಅಳೆಯುವ ಮೈಕ್ರೋಮೀಟರನ್ನು ಬಹಳ ಹೊತ್ತು ಹಿಡಿದುಕೊಂಡರೆ ಕೈಯ ಬಿಸಿಗೇ ಅಳತೆ ಬದಲಾಗುತ್ತದೆ ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ನನ್ನ ಮನೆಯಲ್ಲಿ, ನಾನು ಎದುರಿಗೆ ಕೂತದ್ದಕ್ಕೇ ಮಾವನ ಊಟ ಬದಲಾಗಿದೆ ಎಂದು ಹೊಳೆಯಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಊರಲ್ಲೆಲ್ಲ ಸಿಗುವ ಪೊಟ್ಟಣಗಳನ್ನು ಹೊತ್ತು ತಂದಿದ್ದೆ, ಈ ಮನುಷ್ಯ ಅಷ್ಟು ಹೊತ್ತಿಗಾಗಿ ಕಮಟು ಹಿಡಿದ ಹಿಂಡಿಯನ್ನು ಎರಡೆರಡು ಸಲ ನುಂಗಿದ್ದರು.

ಕಾರ್ಖಾನೆಯ ಬಸ್ಸು ಬರುವ ಹೊತ್ತಾಗಿತ್ತು. ಬರುವುದು ತಡವಾಗುತ್ತದೆ ಎಂದು ಮೇಲ್ವಿಚಾರಕರಿಗೆ ಒಂದು ಮೆಸೇಜ್ ಹಾಕಿದೆ. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು, ಮಾವನಿಗೆ ಬಡಿಸಿ, ನನಗೂ ಹಾಕಿಕೊಂಡು ಅವರ ಜೊತೆಗೇ ಉಣ್ಣಲು ಕೂತೆ.