ಟೀವಿಯಲ್ಲಿ ಏಕಾಂತಮ್ಮ ಕಾಣದ ಅರ್ಧ

ಆ ಕಾಲಕ್ಕೆ ಹರಿಯಬ್ಬೆ ಊರಿನಲ್ಲಿ ಟೀವಿ ಕಂಡವಳು ಏಕಾಂತಮ್ಮ ಒಬ್ಬಳೇ. ಅದೂ ಅರ್ಧ. ಏನೂ ನೋಡದವರಿಗೆ ಚಿಂತೆಯಿಲ್ಲ, ಪೂರ್ತಿ ನೋಡಿದವರಿಗೂ ಇಲ್ಲ. ಅರ್ಧ ನೋಡಿ ಎದ್ದು ಬಂದವರ ಪಾಡು ಮಾತ್ರ ಶತ್ರುವಿಗೂ ಬೇಡ.

ಎಪ್ಪತ್ತೈದನೇ ಇಸವಿಯಲ್ಲಿ ರಾಯಚೂರು ಸೀಮೆಯಲ್ಲಿದ್ದ ಅವಳ ಚಿಕ್ಕಮ್ಮನಿಗೆ ಹೆರಿಗೆಯಾಯಿತು. ಚಿಕ್ಕಪ್ಪ ಅಲ್ಲಿ ಕಾಲುವೆಯ ತೂಬು ಕಾಯುವ ನೀರುಗಂಟಿ. ಬಾಣಂತಿಗೆ ಕೈಯಾಸರೆಯಾಗಲಿ ಎಂದು ಒಂಬತ್ತು ವರ್ಷದ ಏಕಾಂತಮ್ಮನನ್ನು ಕಳಿಸಿದರು. ಓದು ತಪ್ಪಬಾರದೆಂದು ಅಲ್ಲಿಯ ಶಾಲೆಗೇ ಸೇರಿಸಿದರು. ಆ ವರ್ಷ ಸರ್ಕಾರದವರು ಆ ಕಡೆಯ ಕೆಲವು ಹಳ್ಳಿಗಳ ಶಾಲೆಗೆ ಟೀವಿ ಕೊಟ್ಟಿದ್ದರು. ಮಾಳಿಗೆಯ ಮೇಲೆ ಗಾಡಿಚಕ್ರಕ್ಕಿಂತ ದೊಡ್ಡದಾದ, ಕೋಳಿಗೂಡಿನ ಬಲೆಯಿಂದ ಮಾಡಿದ ತಟ್ಟೆ, ಕೆಳಗೆ ಮೇಜಿನ ಮೇಲೆ ಒಂದು ಪೆಟ್ಟಿಗೆ. ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಗುಂಡಿ ತಿರುಗಿಸಿದರೆ ಒಳಗೆ ಕನ್ನಡ ಮಾತಾಡುವ ಜನ ಬರುತ್ತಿದ್ದರು. ಪಾಠವೆಂದರೆ ಬರೀ ಪಾಠವಲ್ಲ, ಸಣ್ಣ ಸಣ್ಣ ನಾಟಕ. ಎಲ್ಲಾ ಸೇರಿ ಇಪ್ಪತ್ತು ನಿಮಿಷ.

ಹಾಳಾದ್ದು, ಹತ್ತೂಕಾಲಕ್ಕೆ ಸರಿಯಾಗಿ ಕಿಟಕಿಯಲ್ಲಿ ಚಿಕ್ಕಮ್ಮನ ಮುಖ ಕಾಣುತ್ತಿತ್ತು. "ಏಕಾಂತೀ, ಬುತ್ತಿ!"

ತೂಬಿನ ಹತ್ತಿರ ಕೂತ ಚಿಕ್ಕಪ್ಪನಿಗೆ ಹೊತ್ತಿಗೆ ಸರಿಯಾಗಿ ಬುತ್ತಿ ಮುಟ್ಟದಿದ್ದರೆ ಊರೇ ಮುಳುಗಿಹೋಗುತ್ತಿತ್ತು, ಅವನ ಕೂಗಾಟ ಕೇಳಿದರೆ ಹಾಗನ್ನಿಸುತ್ತಿತ್ತು. ಏಕಾಂತಮ್ಮ ಏಳಬೇಕು. ಹಾಗಾಗಿ ವರ್ಷದ ಕೊನೆಗೆ ಅವಳ ತಲೆಯಲ್ಲಿ ಉಳಿದಿದ್ದು ಬರೀ ಮೊದಲುಗಳು. ಒಬ್ಬ ಮುದುಕ ಬಾವಿಗೆ ಇಣುಕುತ್ತಾನೆ. ಎರಡು ಗೊಂಬೆಗಳು ಒಂದು ಬೀಜಕ್ಕಾಗಿ ಜಗಳವಾಡುತ್ತವೆ. ಒಬ್ಬ ಹುಡುಗ ಕನ್ನಡಿ ಹಿಡಿದು ಬಿಸಿಲನ್ನು ಗೋಡೆಯ ಮೇಲೆ ಓಡಿಸುತ್ತಾನೆ. ಬಾವಿಯಲ್ಲಿ ಮುದುಕನಿಗೆ ಏನು ಕಂಡಿತು, ಬೀಜ ಯಾರ ಪಾಲಾಯಿತು, ಆ ದೇವರೇ ಬಲ್ಲ. ಜೊತೆಯ ಹುಡುಗಿಯರನ್ನು ಕೇಳಿದರೆ "ಛಲೋ ಇತ್ತು" ಅನ್ನುತ್ತಿದ್ದರು. ಛಲೋ ಇತ್ತು ಅನ್ನುವುದನ್ನು ಕಟ್ಟಿಕೊಂಡು ಏನು ಮಾಡುವುದು?

ಒಂದು ನಾಟಕವಂತೂ ಮುಳ್ಳಿನ ಹಾಗೆ ಉಳಿಯಿತು. ಭೇದಿ ಹತ್ತಿದ ಒಂದು ಕೂಸು. ನೀರು ಕೊಡಬೇಡ ಅನ್ನುವ ಅಜ್ಜಿ. ತಾಯಿ ಆ ಮಾತು ಮೀರಿ ಚೊಂಬಿನಲ್ಲಿ ನೀರು ತರುತ್ತಾಳೆ, ಅದಕ್ಕೆ ಏನೇನೋ ಹಾಕುತ್ತಾಳೆ. ಅಷ್ಟರಲ್ಲಿ ಚಿಕ್ಕಮ್ಮನ ಕೂಗು. ಬಾಗಿಲಲ್ಲಿ ಏಕಾಂತಮ್ಮ ಒಮ್ಮೆ ತಿರುಗಿ ನೋಡಿದಳು. ತಾಯಿ ಬೆರಳಿನಿಂದ ಕಣ್ಣಂಚು ಮುಟ್ಟಿಕೊಂಡಳು, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಅಷ್ಟೇ. ಮುಂದಕ್ಕೆ ಬುತ್ತಿ, ಬಿಸಿಲು, ಕಾಲುವೆ ಏರಿ.

ಊರಿಗೆ ಬಂದ ಮೇಲೆ ಇದನ್ನೆಲ್ಲ ಹೇಳಿದರೆ ಯಾರು ನಂಬುತ್ತಾರೆ? "ಕೋಳಿ ಬಲೆ ಹಾಕಿ ಆಕಾಶದಿಂದ ಜನಾನ ಹಿಡಿದ್ರಂತೆ!" ಎಂದು ಪಕ್ಕದ ಮನೆಯ ಚಂದ್ರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ಬೇಸಿಗೆ ಬಂತು, ಕಡ್ಲೆಕಾಯಿ ಸುಲಿಯುವ ಕಾಲ ಬಂತು. ಬಿತ್ತನೆಗೆ ಬೀಜ ಬೇಕಲ್ಲ, ಮುಂಗಾರಿಗೆ ಮುಂಚೆ ಹೆಂಗಸರೆಲ್ಲ ಚಂದ್ರಕ್ಕನ ಪಡಸಾಲೆಯಲ್ಲಿ ಕೂತು ಮೂಟೆಗಟ್ಟಲೆ ಸುಲಿಯಬೇಕು. ಅಲ್ಲೊಂದು ಕಟ್ಟಳೆ ಇದೆ. ಸುಲಿಯುವವರ ಬಾಯಿ ಸುಮ್ಮನಿರಬಾರದು. ಹಾಡಬೇಕು, ಇಲ್ಲವೇ ಸರದಿಯ ಮೇಲೆ ಕತೆ ಹೇಳಬೇಕು, ಕೇಳುವವರು ಹೂಂಗುಟ್ಟಬೇಕು. ಸುಮ್ಮನಿರುವ ಬಾಯಿ ಬೀಜ ಮುಕ್ಕುತ್ತದೆ ಅನ್ನುವುದು ಚಂದ್ರಕ್ಕನ ಅತ್ತೆಯ ಕಾಲದ ಅನುಮಾನ. ಇನ್ನೊಂದು ಕಟ್ಟಳೆ, ಶುರು ಮಾಡಿದ ಕತೆಯನ್ನು ಮುಗಿಸಲೇಬೇಕು. ಅರ್ಧಕ್ಕೆ ಬಿಟ್ಟ ಕತೆ ಬೀಜಕ್ಕೆ ಒಳ್ಳೆಯದಲ್ಲ, ಹುಟ್ಟುವ ಮೊಳಕೆ ಅರ್ಧಕ್ಕೇ ಮುರುಟುತ್ತದಂತೆ.

ಏಕಾಂತಮ್ಮನ ಸರದಿ ಬಂದಾಗ ಬಾಯಿಗೆ ಬಂದಿದ್ದು ಭೇದಿಯ ಕೂಸಿನ ಕತೆ. ತಾಯಿ ಕಣ್ಣು ಮುಟ್ಟಿ ನಾಲಿಗೆ ಮುಟ್ಟಿದಲ್ಲಿಗೆ ಅವಳು ನಿಂತಳು.

"ಮುಂದಕ್ಕೆ ಹೇಳೇ!" ಎಂದರು ಎಲ್ಲರೂ.

ಕಣ್ಣು ಒರೆಸಿಕೊಂಡಳು ಎಂದರೆ ಅತ್ತಳು. ಅತ್ತಳು ಎಂದರೆ ಮತ್ತೇನು? "ಕೂಸು ತೀರಿಕೊಂತು. ತಾಯಿ ಗೋಳೋ ಅಂತ ಅತ್ತಳು, ತನ್ನ ಕಣ್ಣೀರು ತಾನೇ ಕುಡಿದಳು" ಎಂದು ಏಕಾಂತಮ್ಮ ಮುಗಿಸಿಬಿಟ್ಟಳು.

ಪಡಸಾಲೆ ಅತ್ತಿತು. ಟೀವಿಯೇ ಸುಳ್ಳು ಎಂದಿದ್ದ ಚಂದ್ರಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಎಲ್ಲಕ್ಕಿಂತ ಮೆಚ್ಚಿದವಳು ಏಕಾಂತಮ್ಮನ ಅಜ್ಜಿ ಓಬವ್ವ. ಅವಳ ಎರಡು ಮಕ್ಕಳು ಹೀಗೇ ವಾಂತಿ ಭೇದಿಯಲ್ಲಿ ಹೋಗಿದ್ದವು. "ಕೇಳಿದ್ರಾ? ಭೇದಿಗೆ ನೀರು ಹಾಕಬಾರದು ಅಂತ ಸರ್ಕಾರದೋರ ಪೆಟ್ಟಿಗೇನೂ ಹೇಳ್ತೈತೆ" ಎಂದಳು.

ಅಜ್ಜಿಯ ಮಾತಿಗೆ ಏಕಾಂತಮ್ಮನಿಗೆ ಸಣ್ಣ ಅನುಮಾನ ಬಂತು. ಮೇಷ್ಟ್ರು ಮಕ್ಕಳನ್ನು ಕೂರಿಸಿ ಸಾಯುವ ಕೂಸನ್ನು ತೋರಿಸುತ್ತಾರಾ? ಆದರೆ ಹೊಗಳಿಕೆ ಯಾರಿಗೆ ಬೇಡ. ಮಾರನೇ ವರ್ಷವೂ, ಅದರ ಮಾರನೇ ವರ್ಷವೂ "ಆ ಸತ್ತ ಕೂಸಿನ ಕತೆ ಹೇಳೇ" ಎಂದರು. ಹೇಳಿದಳು. ಹೇಳುತ್ತಾ ಹೇಳುತ್ತಾ ಸಾವು ಇನ್ನೂ ಚೆಂದವಾಯಿತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅತ್ತಿಗೆ ಜಯಕ್ಕನ ಹತ್ತು ತಿಂಗಳ ಮಗುವಿಗೆ ಬೆಳಗಿನ ಜಾವದಿಂದ ಭೇದಿ ಶುರುವಾಯಿತು. ಬಿಸಿಲೇರುವ ಹೊತ್ತಿಗೆ ಕಣ್ಣು ಗುಳಿ ಬಿದ್ದಿದ್ದವು. ಒಣಗಿದ ತುಟಿ ನೋಡಲಾರದೆ ಜಯಕ್ಕ ಲೋಟಕ್ಕೆ ನೀರು ಬಗ್ಗಿಸಿದಳು. ಓಬವ್ವ ಬಂದವಳೇ ಲೋಟ ಕಿತ್ತುಕೊಂಡಳು.

"ಹುಚ್ಚು ಹಿಡಿದೈತೇನೇ? ಏಕಾಂತಿ ಹೇಳಿದ್ದು ಮರ್ತೆಯಾ?"

ಜಯಕ್ಕ ನಾದಿನಿಯ ಕಡೆ ತಿರುಗಿದಳು. "ಏಕಾಂತೀ, ನೀನು ಕಣ್ಣಾರೆ ನೋಡಿದೀಯ. ನೀರು ಕೊಟ್ಟಿದ್ಕೇ ಆ ಕೂಸು ಹೋಯ್ತಾ? ಹೇಳೇ ತಾಯಿ."

ಏಕಾಂತಮ್ಮ ಮಗುವಿನ ಮುಖ ನೋಡಿದಳು. "ನಾನು ನೋಡ್ಲಿಲ್ಲ ಅತ್ತಿಗೆ. ಅರ್ಧಕ್ಕೇ ಎದ್ದು ಬಂದೆ. ಕೂಸು ಸತ್ತಿದ್ದು ನಾನೇ ಕಟ್ಟಿದ್ದು."

"ಈಗ ಮಾತು ತಿರುಗಿಸ್ತೀಯಾ?" ಎಂದು ಓಬವ್ವ ಗದರಿದಳು. "ಮೂರು ವರ್ಷದಿಂದ ಒಂದೇ ಸಮ ಹೇಳಿದೀಯ. ಈಗ ನೋಡೇ ಇಲ್ಲ ಅಂತೀಯ!"

ಎಂಥಾ ಗ್ರಹಚಾರ ನೋಡಿ. ನೋಡಿದ್ದೇನೆ ಎಂದಾಗ ನಂಬದ ಜನ, ನೋಡಿಲ್ಲ ಎಂದಾಗಲೂ ನಂಬಲಿಲ್ಲ. ಏಕಾಂತಮ್ಮ ಕಣ್ಣು ಮುಚ್ಚಿ ಆ ಚೊಂಬನ್ನು ನೆನೆಸಿಕೊಂಡಳು. ಏನೋ ಚಿಟಿಕೆ, ಏನೋ ಹಿಡಿ. ಏನದು? ಹಿಟ್ಟೋ, ಬೂದಿಯೋ? ತಲೆ ಚಚ್ಚಿಕೊಂಡರೂ ಹೊಳೆಯಲಿಲ್ಲ. ಕಡೆಗೆ ಹೊಲಕ್ಕೆ ಓಡಿಹೋಗಿ ಅಣ್ಣ ಜಂಪಣ್ಣನನ್ನು ಕೈಹಿಡಿದು ಎಳೆದುಕೊಂಡು ಬಂದಳು. "ಆಸ್ಪತ್ರೆಗೆ ಹೋಗಾಣ ನಡಿಯಣ್ಣ. ನನ್ನ ಕತೆ ನಂಬಬ್ಯಾಡ್ರಿ."

ಧರ್ಮಪುರದ ಕಡೆಯಿಂದ ಬಂದ ಬಸ್ಸಿನಲ್ಲಿ ಹಿರಿಯೂರು ಮುಟ್ಟಿದಾಗ ಮಗುವಿಗೆ ಅಳುವ ಶಕ್ತಿಯೂ ಇರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಮಧ್ಯಾಹ್ನ ಕಳೆದು ಮಗು ಕಣ್ಣು ಬಿಟ್ಟಿತು. ಆಮೇಲೆ ವಯಸ್ಸಾದ ನರ್ಸಮ್ಮ ಒಬ್ಬರು ಚೊಂಬು ಹಿಡಿದು ಬಂದು ಜಯಕ್ಕನ ಪಕ್ಕ ಕೂತರು.

"ನೋಡ್ಕಳವ್ವ. ಕಾಸಿ ಆರಿಸಿದ ನೀರು, ಅರ್ಧ ಲೀಟ್ರು. ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಸಕ್ಕರೆ. ಮಗೂಗೆ ಚಮಚದಲ್ಲಿ ಕೊಡ್ತಾನೇ ಇರಬೇಕು. ಕೊಡೋಕೆ ಮುಂಚೆ ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರಬಾರದು."

ಹಾಗೆಂದು ನರ್ಸಮ್ಮ ಬೆರಳಿನಿಂದ ತನ್ನ ಕಣ್ಣಂಚು ಮುಟ್ಟಿಕೊಂಡು, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೋರಿಸಿದರು.

ಏಕಾಂತಮ್ಮ ಆ ಬೆರಳನ್ನೇ ನೋಡಿದಳು. ಟೀವಿಯ ಆ ತಾಯಿ ಅತ್ತಿರಲಿಲ್ಲ. ರುಚಿ ಹೇಗಿರಬೇಕೆಂದು ತೋರಿಸುತ್ತಿದ್ದಳು! ಇನ್ನು ಐದೇ ನಿಮಿಷ ಕೂತಿದ್ದರೆ ಕೂಸು ನಗುವುದೂ ಕಾಣುತ್ತಿತ್ತೋ ಏನೋ. ಚಿಕ್ಕಪ್ಪನ ಬುತ್ತಿಯ ಮೇಲೆ, ಚಿಕ್ಕಮ್ಮನ ಕಿಟಕಿಯ ಮೇಲೆ, ಎಲ್ಲಕ್ಕಿಂತ ತನ್ನ ಬಾಯಿಯ ಮೇಲೆ ಅವಳಿಗೆ ಮೈಯುರಿಯುವಷ್ಟು ಸಿಟ್ಟು ಬಂತು.

ಮಗು ಮನೆಗೆ ಬಂದ ವಾರಕ್ಕೆ ಚಂದ್ರಕ್ಕನ ಪಡಸಾಲೆಯಲ್ಲಿ ಸುಲಿಯುವ ಕೆಲಸ ಶುರುವಾಯಿತು. ಏಕಾಂತಮ್ಮ ತಾನಾಗಿಯೇ ಕತೆ ಎತ್ತಿದಳು. ಉಪ್ಪು ಹೇಳಿದಳು, ಸಕ್ಕರೆ ಹೇಳಿದಳು, ಕೂಸನ್ನು ಬದುಕಿಸಿದಳು. ಒಬ್ಬರೂ ಹೂಂಗುಟ್ಟಲಿಲ್ಲ.

"ಇದ್ಯಾಕೋ ಸಪ್ಪೆ ಆಯ್ತು" ಎಂದಳು ಚಂದ್ರಕ್ಕ. "ಮೊದ್ಲಿನದೇ ಚೆನ್ನಾಗಿತ್ತು. ಆ ತಾಯಿ ಅಳೋದು ಹೇಳು."

"ಅಳೋದೇ ಇಲ್ಲ ಅಂತೀನಿ! ಅವಳು ಅಳ್ಲೇ ಇಲ್ಲ!" ಏಕಾಂತಮ್ಮ ಮಡಿಲಿನ ಕಾಯಿ ಚೆಲ್ಲಿ ಎದ್ದಳು. ಅಡಿಗೆಮನೆಗೆ ಹೋಗಿ ಚೊಂಬಿನಲ್ಲಿ ನರ್ಸಮ್ಮ ಹೇಳಿದ ಹಾಗೇ ನೀರು ಬೆರೆಸಿ ತಂದಳು. ಸಾಲಿನ ತುದಿಯಿಂದ ಒಬ್ಬೊಬ್ಬರ ಅಂಗೈಗೂ ಸುರಿದಳು. "ಕುಡೀರಿ. ಕಣ್ಣೀರಿನ ರುಚಿ ನಿಮಗೆ ನಾನು ಹೇಳಿಕೊಡಬೇಕಾ?"

ಹೆಂಗಸರು ನೆಕ್ಕಿ ನೋಡಿದರು. ಒಬ್ಬರು ಮುಖ ಸಿಂಡರಿಸಿದರು, ಒಬ್ಬರು ನಕ್ಕರು. ಕಡೆಯಲ್ಲಿ ಕೂತಿದ್ದ ಓಬವ್ವ ಮಾತ್ರ ಅಂಗೈ ಚಾಚಲಿಲ್ಲ, ಚೊಂಬನ್ನೇ ತೆಗೆದುಕೊಂಡಳು. ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಮತ್ತೊಂದು ಗುಟುಕು. ತೊಡೆಯ ಮೇಲಿನ ಕಡ್ಲೆಕಾಯಿ ಹಾಗೇ ಉಳಿದವು.

"ಇಷ್ಟೇನಾ?" ಎಂದಳು. "ಉಪ್ಪು ಮನೇಲಿತ್ತು. ಸಕ್ಕರೆ ಇಲ್ದಿದ್ರೂ ಬೆಲ್ಲ ಇತ್ತು. ನೀರು ಬಿಂದಿಗೇಲೇ ಇತ್ತು. ನನ್ನ ಎರಡು ಕೂಸೂ ನೀರು ನೀರು ಅಂತಾನೇ ಹೋದ್ವಲ್ಲೇ."

ಆವತ್ತು ಮಿಕ್ಕ ಕಾಯಿಯನ್ನು ಎಲ್ಲರೂ ಸುಮ್ಮನೆ ಸುಲಿದರು, ಬೀಜ ಮುಕ್ಕುತ್ತಾರೇನೋ ಎಂದು ಚಂದ್ರಕ್ಕನೂ ಯಾರ ಬಾಯನ್ನೂ ನೋಡಲಿಲ್ಲ.