ತೋಳಿನ ಬಿಲ್ಲೆ, ಅಕ್ಕಿಯ ಕುಡ್ತೆ

ನನ್ನ ಎಡತೋಳಿನ ಹಿಂಬದಿಗೆ ಹದಿನಾಲ್ಕು ದಿನ ಒಂದು ಬಿಳಿಯ ಬಿಲ್ಲೆ ಅಂಟಿಕೊಂಡಿತ್ತು. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ. ಅದರ ಕೂದಲೆಳೆಯಂಥ ತಂತಿ ಚರ್ಮದಡಿ ಕೂತು ಹಗಲೂ ರಾತ್ರಿ ನನ್ನ ಸಕ್ಕರೆ ಅಳೆದು ಮೊಬೈಲಿಗೆ ಕಳಿಸುತ್ತಿತ್ತು. ಡಾಕ್ಟರು ಇದನ್ನು ಹಾಕಿಸಿಕೊಳ್ಳಿ ಎಂದಿರಲಿಲ್ಲ. ಶುಗರ್ ಬಾರ್ಡರ್‌ನಲ್ಲಿದೆ, ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳ ಮೇಲೆ ಬನ್ನಿ ಎಂದಷ್ಟೇ ಹೇಳಿದ್ದರು. ಬಾರ್ಡರ್ ಎಂದ ಮೇಲೆ ಕಾವಲಿಡದೆ ಮೂರು ತಿಂಗಳು ಕಾಯುವ ಪೈಕಿಯವನು ನಾನಲ್ಲ. ಆಫೀಸಿನ ಗೆಳೆಯನೊಬ್ಬ ಈ ಬಿಲ್ಲೆಯ ವಿಷಯ ಹೇಳಿದ ಸಂಜೆಯೇ ಅದನ್ನು ತರಿಸಿದ್ದೆ.

ನನ್ನ ಹೆದರಿಕೆಯೆಲ್ಲ ಅಪ್ಪನ ಕಾಲಿನದು. ಅಪ್ಪ ಠಾಣೆಯ ಕೋಪರಿಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದ. ಒಂದು ದಿನ ಚಪ್ಪಲಿಯ ಅಟ್ಟೆಯಿಂದ ಮೊಳೆಯೊಂದು ಮೇಲೆದ್ದು ಪಾದಕ್ಕೆ ಚುಚ್ಚಿಕೊಂಡಿತ್ತು. ಬೆಳಗಿನಿಂದ ಹೋಟೆಲು ಮುಚ್ಚುವವರೆಗೆ ಅಪ್ಪ ಆ ಮೊಳೆಯ ಮೇಲೆಯೇ ಓಡಾಡಿದ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಅವನಿಗೆ ಏನೂ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೆ ನೆಲದಲ್ಲಿ ರಕ್ತದ ಗುರುತು ಕಂಡು ಅಮ್ಮ ಕೂಗಿಕೊಂಡಳು. ಆ ಗಾಯ ಒಣಗಲೇ ಇಲ್ಲ. ಕೆಲವು ತಿಂಗಳಲ್ಲಿ ಪಾದ ಹೋಯಿತು, ಆಮೇಲೆ ಅಪ್ಪನೂ ಹೋದ. ಹಾಗಾಗಿ ಡಾಕ್ಟರು ಬಾರ್ಡರ್ ಎಂದ ಮರುದಿನದಿಂದ ನಾನು ಸ್ನಾನವಾದ ಮೇಲೆ ಗಡ್ಡ ಮಾಡುವ ಕನ್ನಡಿಯನ್ನು ಅಂಗಾಲಿನಡಿ ಹಿಡಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಐವತ್ತು ದಾಟಿದ ಗಂಡಸು ಒಂಟಿಕಾಲಲ್ಲಿ ನಿಂತು ಕನ್ನಡಿಯಲ್ಲಿ ಪಾದ ನೋಡಿಕೊಳ್ಳುವ ದೃಶ್ಯ ಹೆಂಡತಿಗೆ ಅಭ್ಯಾಸವಾಗಿಹೋಗಿತ್ತು.

ದಿನಾ ಆಫೀಸಿಗೆ ಲೋಕಲ್ ರೈಲು: ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರ. ಲೋಕಲ್‌ನ ಗರ್ದಿಯಲ್ಲಿ ಬಿಲ್ಲೆ ಕಿತ್ತುಹೋದೀತೆಂದು ಎಡತೋಳನ್ನು ಬಲಗೈಯಿಂದ ಅಪ್ಪಿಕೊಂಡು ನಿಲ್ಲುತ್ತಿದ್ದೆ. "ಅಂಕಲ್, ಚಾರ್ಜಿಂಗ್ ಇಧರ್ ಸೇ ಹೋತಾ ಹೈ ಕ್ಯಾ?" ಎಂದು ಒಬ್ಬ ಬಿಲ್ಲೆ ತೋರಿಸಿ ಕೇಳಿದ. ನಗಲಿಲ್ಲ, ನಕ್ಕರೆ ಸಕ್ಕರೆ ಏರುತ್ತದೋ ಇಳಿಯುತ್ತದೋ ಇನ್ನೂ ಓದಿರಲಿಲ್ಲ.

ಅನ್ನ, ಇಡ್ಲಿ, ದೋಸೆ ಎಲ್ಲ ಬಿಟ್ಟು ಆಗಲೇ ತಿಂಗಳು ದಾಟಿತ್ತು. ಮೊಟ್ಟೆ, ಪನೀರು, ಬೀನ್ಸ್ ಪಲ್ಯ. ಬಂಗುಡೆ ಸಾರನ್ನು ಬಟ್ಟಲಲ್ಲಿ ಹಾಕಿ ಕುಡಿಯುವುದು. ಹೆಂಡತಿ ಎಲ್ಲ ಮಾಡಿಕೊಟ್ಟಳು. ಎದುರಿಗೆ ಕೂತು ತಾನು ಕುಚಲಕ್ಕಿ ಅನ್ನ ಉಣ್ಣುತ್ತಿದ್ದಳು. ಪುಣ್ಯವಂತೆ, ಏನೂ ಚಿಂತೆಯಿಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ತುತ್ತಿಗೊಮ್ಮೆ ಮೊಬೈಲಿನ ಗೆರೆ ನೋಡುವುದು ಕಂಡು ಅವಳು ಹೇಳಿದ್ದು ಒಂದೇ ಸಲ: "ಊಟ ಮಾಡುದಾ, ಇಲೆಕ್ಷನ್ ರಿಸಲ್ಟ್ ನೋಡುದಾ, ಎಂತ ಮಾರಾಯ್ರೆ ನೀವು?"

ಹತ್ತನೆಯ ದಿನ ಭಾನುವಾರ. ಮಧ್ಯಾಹ್ನ ಬರೀ ಮೊಟ್ಟೆ, ಕೋಸು ತಿಂದವನಿಗೆ ಬಿಲ್ಲೆ ನೂರ ಐವತ್ತೆಂಟು ತೋರಿಸಿತು. ಕೆಳಗಿನ ರಸ್ತೆಯ ಮೆಡಿಕಲ್‌ಗೆ ಓಡಿ ಬೆರಳು ಚುಚ್ಚಿ ನೋಡುವ ಯಂತ್ರ ತಂದೆ. ಅದು ನೂರ ಮೂವತ್ತೊಂದು ಎಂದಿತು. ಎರಡರಲ್ಲಿ ಸುಳ್ಳು ಹೇಳುವುದು ಯಾವುದು? ಯಂತ್ರವನ್ನು ಪರೀಕ್ಷಿಸಲು ಆರೋಗ್ಯವಾಗಿರುವ ಒಂದು ಬೆರಳು ಬೇಕಾಗಿತ್ತು. ಪಾತ್ರೆ ತೊಳೆದು ಬಂದ ಹೆಂಡತಿಯನ್ನು ಕೂರಿಸಿದೆ.

ಇನ್ನೂರ ತೊಂಬತ್ತೊಂದು.

ಬೆಲ್ಲ ಮುಟ್ಟಿರಬೇಕೆಂದು ಸೋಪು ಹಾಕಿ ಕೈ ತೊಳೆಸಿದೆ. ಇನ್ನೂರ ಎಂಬತ್ತೇಳು. ನನಗೆ ಗೆದ್ದಂತಾಯಿತು. ಯಂತ್ರ ಹಾಳಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಡಬ್ಬ ಎತ್ತಿಕೊಂಡು ಜಗಳವಾಡಲು ತಯಾರಾಗಿ ಮತ್ತೆ ಮೆಡಿಕಲ್‌ಗೆ ಹೋದೆ.

ಮೆಡಿಕಲ್‌ನವನು ಜಗಳಕ್ಕೆ ಬರಲಿಲ್ಲ. ಹೊಸ ಸೂಜಿ ಹಾಕಿ ತನ್ನ ಬೆರಳನ್ನೇ ಚುಚ್ಚಿಕೊಂಡ. ನೂರ ನಾಲ್ಕು. ಬಿಲ್ಲೆಗೂ ಬೆರಳಿಗೂ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಎಂದು ವಿವರಿಸಿ, ಡಬ್ಬ ನನ್ನ ಮುಂದೆ ಸರಿಸಿದ.

"ಮಶೀನ್ ಬರೋಬರ್ ಹೈ, ಅಣ್ಣಾ. ವೋ ಖೂನ್ ಕಿಸ್ಕಾ ಥಾ?"

ಆ ರಕ್ತ ಯಾರದೆಂಬ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಡಬ್ಬ ಎತ್ತಿಕೊಂಡು ಹೊರಟೆ. ನಾಚಿಕೆಯಾದರೂ ಇಲ್ಲೊಂದು ವಿಷಯ ಬರೆಯಬೇಕು. ಯಂತ್ರ ಸರಿಯಿದ್ದರೆ ನನ್ನ ನೂರ ಮೂವತ್ತೊಂದೂ ಸರಿ, ಉಂಡ ಮೇಲೆ ಅಷ್ಟಿದ್ದರೆ ಭಯವಿಲ್ಲ. ಮೆಡಿಕಲ್‌ನಿಂದ ರಿಕ್ಷಾ ಸ್ಟ್ಯಾಂಡಿನವರೆಗೆ, ಅಷ್ಟು ದೂರ, ನಾನು ಖುಷಿಯಾಗಿದ್ದೆ. ಅಲ್ಲಿಗೆ ಬಂದಾಗ ಹೆಂಡತಿಯ ಇನ್ನೂರ ತೊಂಬತ್ತೊಂದೂ ಸರಿ ಎಂದು ಹೊಳೆಯಿತು. ಬಾಯಿ ಒಣಗ್ತದೆ ಎಂದು ಅವಳು ಹೇಳುತ್ತಿದ್ದುದು, ಹೋದಲ್ಲೆಲ್ಲ ನೀರಿನ ಬಾಟಲಿ ಹಿಡಿದುಕೊಳ್ಳುತ್ತಿದ್ದುದು, ಎಲ್ಲ ಒಟ್ಟಿಗೇ ನೆನಪಾಯಿತು. ಸೆಕೆ ಜಾಸ್ತಿ ಎಂದು ನಾನೇ ಪ್ರತಿಸಲವೂ ತೀರ್ಮಾನ ಕೊಟ್ಟಿದ್ದೆ.

ಮನೆಗೆ ಬಂದು, ದಿನಕ್ಕೆ ಎಷ್ಟು ಅನ್ನ ಉಣ್ಣುತ್ತೀ ಎಂದು ಕೇಳಿದೆ. ಇದ್ದಷ್ಟು ಎಂದಳು. ಮನೆಯಲ್ಲಿ ನಾವಿಬ್ಬರೇ. ನಾನು ಅನ್ನ ಬಿಟ್ಟ ಮೇಲೂ ಅವಳು ಅಮ್ಮನ ಕಾಲದ ಹಿತ್ತಾಳೆ ಕುಡ್ತೆಯಿಂದ ಮೊದಲಿನಷ್ಟೇ ಅಕ್ಕಿ ಅಳೆದು ಹಾಕುತ್ತಿದ್ದಳು. ನನ್ನ ಪಾಲಿನ ಅನ್ನವನ್ನು ಬಚ್ಚಲಿಗೆ ಸುರಿಯಲಾರದೆ ಸಂಜೆ ತಾನೇ ಉಣ್ಣುತ್ತಿದ್ದಳು.

"ಒಂದು ಕುಡ್ತೆ ಕಮ್ಮಿ ಹಾಕಬೇಕಿತ್ತು," ಎಂದೆ.

"ಕುಡ್ತೆ ಕಮ್ಮಿ ಮಾಡುದು ಯಾವಾಗ ಅಂತ ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಅಪ್ಪನ ಹದಿಮೂರನೆಯ ದಿನ ಕಳೆದ ಮರುದಿನ ಬೆಳಿಗ್ಗೆ ಅಮ್ಮ ಅಕ್ಕಿ ಡಬ್ಬದ ಮುಂದೆ ಕೂತು ಒಂದು ಕುಡ್ತೆ ತುಂಬಿ, ಹಾಗೆಯೇ ಹಿಡಿದುಕೊಂಡು, ಮತ್ತೆ ಡಬ್ಬಕ್ಕೇ ಸುರಿದಿದ್ದಳು. ಮನೆಯ ಅಳತೆ ಇಳಿಯುವುದು ಆಗ ಮಾತ್ರ. ಅದನ್ನು ಅವಳು ಸೊಸೆಗೂ ಹೇಳಿಕೊಟ್ಟಿದ್ದಳು. ಬದುಕಿರುವ ಗಂಡನ ಕುಡ್ತೆಯನ್ನು ಇವಳು ಹೇಗೆ ಕಳೆಯುತ್ತಾಳೆ?

ಆಮೇಲೆ ನೆನಪಾದದ್ದು ಅವಳ ಹಿಮ್ಮಡಿಯ ಪಟ್ಟಿ. ಒಡಕು ಅಷ್ಟೇ ಎಂದು ಗಣೇಶ ಚೌತಿಗೂ ಮೊದಲು ಹಚ್ಚಿಕೊಂಡದ್ದು. ಈಗ ದೀಪಾವಳಿ ಹತ್ತಿರ ಬಂದಿತ್ತು. ನೆಲಕ್ಕೆ ಕೂತು ಅವಳ ಕಾಲನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

"ನೀವು ನನ್ನ ಕಾಲು ಮುಟ್ಟುದಾ? ಬಿಡಿ, ನನಗೆ ಪಾಪ ಸುತ್ತಿಕೊಳ್ತದೆ," ಎಂದು ಕೊಸರಿಕೊಂಡಳು. ಬಿಡಲಿಲ್ಲ. ಪಟ್ಟಿ ಬಿಚ್ಚಿದರೆ ಒಳಗೆ ಹಸಿ ಗಾಯ. ಅಂಚನ್ನು ಬೆರಳಿನಿಂದ ಒತ್ತಿದೆ. ನೋಯುತ್ತದಾ ಎಂದು ಕೇಳಿದೆ. ಇಲ್ಲ ಎಂದಳು, ನನ್ನನ್ನು ಸಮಾಧಾನ ಮಾಡುವವಳಂತೆ.

ಮರುದಿನ ಅವಳ ರಕ್ತ ಪರೀಕ್ಷೆ ಮಾಡಿಸಿದೆವು. ಈ ಸಕ್ಕರೆ ಕಾಯಿಲೆ ನಿನ್ನೆ ಮೊನ್ನೆಯದಲ್ಲ, ವರ್ಷಗಳಿಂದ ಇದ್ದಿರಬೇಕು, ಗಾಯ ಏನಾಗುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ತಪ್ಪು ನನ್ನ ಪಾಲಿನ ಅನ್ನದ್ದೊಂದೇ ಅಲ್ಲ ಎಂದು ಸಮಾಧಾನ ಪಡಬಹುದಿತ್ತು. ಆದರೆ ಅಷ್ಟೂ ವರ್ಷ ಅವಳ ಎದುರು ಕೂತು ಉಂಡವನು ನಾನೇ ತಾನೆ.

ಬಿಲ್ಲೆಗೆ ಇನ್ನೂ ಮೂರು ದಿನ ಉಳಿದಿತ್ತು. ಏನೂ ಆಗದ ನನ್ನ ತೋಳಿನ ಸುದ್ದಿಯನ್ನು ಅದು ನಿಷ್ಠೆಯಿಂದ ಕಳಿಸುತ್ತಲೇ ಇತ್ತು. ಮಾರನೆಯ ಬೆಳಿಗ್ಗೆ ಅವಳು ಅಕ್ಕಿ ಡಬ್ಬದ ಮುಚ್ಚಳ ತೆಗೆದು ಕುಡ್ತೆಯನ್ನು ನನ್ನ ಕೈಗೆ ಕೊಟ್ಟಳು.

"ನೀವೇ ಹಾಕಿ. ನನ್ನ ಕೈಯಿಂದ ಆಗುದಿಲ್ಲ."

ಅರ್ಧ ಕುಡ್ತೆ ಅಳೆದೆ. ಅಷ್ಟು ಹೊತ್ತೂ ಅವಳು ಗೋಡೆಯ ಕಡೆ ಮುಖ ಮಾಡಿ, ಪಟ್ಟಿ ಕಟ್ಟಿದ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಿದ್ದಳು.